ನಾಯಿ ಕೂರುವ ಜಾಗದಲ್ಲಿ ನೀವೇ ಒಮ್ಮೆ ಕೂತು ನೋಡಿ: ಓದುಗರ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಅಕ್ಕ, ಅಪ್ಪ ತೋಟಕ್ಕೆ ಇಟ್ಟುಕೊಂಡಿದ್ದ 1994ರ ಮಹೀಂದ್ರ ಎಂಎಂ 540 ಜೀಪು ಈಗ ನನ್ನ ಕೈಗೆ ಬಂದಿದೆ. ಎಂಜಿನ್ ಚೆನ್ನಾಗಿದೆ, ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡುವ ಗೇರ್) ಸರಿಯಾಗಿ ಬೀಳುತ್ತದೆ. ಮನೆಯಲ್ಲಿ ಒಂದು ಲ್ಯಾಬ್ರಡಾರ್, ಒಂದು ನಾಡುನಾಯಿ ಇವೆ. ಮಳೆ ಮುಗಿದ ಮೇಲೆ ಎರಡನ್ನೂ ಕರೆದುಕೊಂಡು ಬಿಸಿಲೆ, ಸಕಲೇಶಪುರ, ಚಿಕ್ಕಮಗಳೂರು ಕಡೆ ಒಂದು ವಾರ ಸುತ್ತುವ ಆಸೆ. ದೊಡ್ಡ ಟೈರು, ವಿಂಚು (ಹೂತ ಗಾಡಿ ಎಳೆಯುವ ರಾಟೆ), ಮೇಲೆ ಲೈಟು ಹಾಕಿಸು ಅಂತ ಸ್ನೇಹಿತರು ಹೇಳುತ್ತಾರೆ. ಕೈಯಲ್ಲಿರುವ ದುಡ್ಡು ಕಮ್ಮಿ. ಎಲ್ಲಿಂದ ಶುರು ಮಾಡಲಿ?
— ಓದುಗ, ಸೋಮವಾರಪೇಟೆ

ಉತ್ತರ: ತಮ್ಮಾ, ಹಿಂದಿನಿಂದ ಶುರು ಮಾಡಿ. ಏನನ್ನೂ ಕೊಳ್ಳುವ ಮೊದಲು ಸ್ಟೇರಿಂಗ್ ಬೇರೆಯವರ ಕೈಗೆ ಕೊಡಿ. ನೀವು ಹಿಂದೆ, ನಾಯಿ ಮಲಗುವ ಜಾಗದಲ್ಲಿ, ನೆಲದ ಮೇಲೆ ಕೂರಿ. ತೋಟದ ದಾರಿಯಲ್ಲಿ ನಿಧಾನವಾಗಿ ಅರ್ಧ ಗಂಟೆ ಸುತ್ತಿ. ಹುಡ್ (ಮೇಲಿನ ಬಟ್ಟೆಯ ಹೊದಿಕೆ) ಹೇಗೆ ಕಟ್ಟಿಕೊಂಡು ಹೋಗುತ್ತೀರೋ ಹಾಗೇ ಇರಲಿ. ಇಳಿದ ಮೇಲೆ ಮೊದಲು ಏನು ಮಾಡಿಸಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ನಾನು ಇದನ್ನು ಕಲಿತದ್ದು ತಡವಾಗಿ. ನಮ್ಮದೂ ಎಂಎಂ 540. ಅದೇ 2112 ಸಿಸಿ ಪ್ಯೂಜೋ ಡೀಸೆಲ್ ಎಂಜಿನ್. ಜೂಲಿ ಅಂತ ನಮ್ಮ ಲ್ಯಾಬ್ರಡಾರ್ ನಾಪೋಕ್ಲಿನಿಂದ ಹೊರಟರೆ ಭಾಗಮಂಡಲ ಮುಟ್ಟುವಷ್ಟರಲ್ಲಿ ವಾಂತಿ ಮಾಡುತ್ತಿದ್ದಳು. ತಿಂದದ್ದು ಜಾಸ್ತಿ ಆಯಿತು ಅಂದುಕೊಂಡೆ. ಊಟ ನಿಲ್ಲಿಸಿದೆ. ಆದರೂ ವಾಂತಿ. ಇಳಿದ ಮೇಲೆ ಒಂದು ಗಂಟೆ ಮಂಕಾಗಿ ಮಲಗಿರುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ಕೊನೆಗೆ ವಿರಾಜಪೇಟೆಯಲ್ಲಿ ನಮ್ಮ ಜೀಪು ನೋಡುವ ಮೇಸ್ತ್ರಿ, "ಅಮ್ಮಾ, ನೀವು ಯಾವತ್ತಾದರೂ ಹಿಂದೆ ಕೂತಿದ್ದೀರಾ?" ಅಂತ ಕೇಳಿದರು. ಕೂತೆ. ಹತ್ತು ನಿಮಿಷಕ್ಕೆ ತಲೆ ಸುತ್ತಿತು. ಕಣ್ಣು ಉರಿ. ಹಿಂದೆಲ್ಲ ಡೀಸೆಲ್ ಹೊಗೆ.

ಕಾರಣ ಸುಲಭ. ಜೀಪಿನ ಹಿಂಭಾಗ ಪೆಟ್ಟಿಗೆಯ ಹಾಗೆ ನೇರವಾಗಿದೆ. ಗಾಡಿ ಮುಂದೆ ಹೋಗುವಾಗ ಹಿಂದೆ ಗಾಳಿಯ ಒತ್ತಡ ಕಮ್ಮಿಯಾಗಿ, ಅಲ್ಲೇ ಸುತ್ತುವ ಗಾಳಿ ಹೊಗೆಯನ್ನು ಎಳೆದುಕೊಂಡು ಒಳಗೆ ಬರುತ್ತದೆ. ನಾಯಿಗೆ ಗಾಳಿ ಬರಲಿ ಅಂತ ಹಿಂದಿನ ಪರದೆ ಎತ್ತಿ ಕಟ್ಟಿದ್ದೆ. ಅದೇ ತಪ್ಪಾಗಿತ್ತು. ಮುಂದೆ ಕೂತ ನಮಗೆ ವಾಸನೆಯೇ ಗೊತ್ತಾಗುವುದಿಲ್ಲ. ನೆಲದ ಮೇಲೆ ಮಲಗಿದ ನಾಯಿಗೆ ಅದೇ ಉಸಿರು. ಪೆಟ್ರೋಲ್ ಗಾಡಿಯಾದರೆ ಇನ್ನೂ ಅಪಾಯ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹಾಗಾಗಿ ನಿಮ್ಮ ಮೊದಲ ದುಡ್ಡು ಸೈಲೆನ್ಸರಿಗೆ ಹೋಗಲಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ದಪ್ಪ ಒದ್ದೆ ಬಟ್ಟೆಯನ್ನು ಹೊಗೆ ಪೈಪಿನ ಬಾಯಿಗೆ ಒಂದೆರಡು ಕ್ಷಣ ಒತ್ತಿ ಹಿಡಿಯಿರಿ. ಮಧ್ಯೆ ಎಲ್ಲಾದರೂ "ಸುಸ್" ಅಂದರೆ ಅಲ್ಲಿ ತೂತು ಇದೆ, ಇಲ್ಲವೇ ಗ್ಯಾಸ್ಕೆಟ್ ಹೋಗಿದೆ. ಪೈಪಿನ ತುದಿ ಗಾಡಿಯ ಅಡಿಯಲ್ಲೇ ಮುಗಿದಿದ್ದರೆ ಬಾಡಿಯಿಂದ ಆಚೆಗೆ ಬರುವಷ್ಟು ಉದ್ದ ಮಾಡಿಸಿ. ನೆಲದ ತಗಡಿನಲ್ಲಿ ಹಳೇ ಬೋಲ್ಟಿನ ತೂತುಗಳಿದ್ದರೆ ರಬ್ಬರ್ ಬುಶ್ ಹಾಕಿ ಮುಚ್ಚಿ. ಓಡುವಾಗ ಹಿಂದಿನ ಪರದೆ ಇಳಿಸಿ, ಮುಂದಿನಿಂದ ಗಾಳಿ ಬಿಡಿ. ನಮಗೆ ಇಷ್ಟು ಮಾಡಿದ್ದೇ ಸಾಕಾಯಿತು. ಜೂಲಿ ಆಮೇಲೆ ತಲಕಾವೇರಿವರೆಗೂ ಒಂದು ಸಲವೂ ವಾಂತಿ ಮಾಡಲಿಲ್ಲ. ಎರಡು ವರ್ಷ ಅವಳಿಗೆ ಕೊಟ್ಟ ಕಷ್ಟ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ನೆಲ. ಸೈಲೆನ್ಸರ್ ಮೇಲಿನ ತಗಡು ಘಾಟಿ ಹತ್ತುವಾಗ ಕೈ ಇಡಲಾಗದಷ್ಟು ಕಾಯುತ್ತದೆ. ಅಲ್ಯೂಮಿನಿಯಂ ಚೆಕರ್ ಪ್ಲೇಟ್ ನೋಡಲು ಚೆಂದ, ಆದರೆ ನಾಯಿಯ ಕಾಲು ಜಾರುತ್ತದೆ, ಬಿಸಿಯೂ ಏರುತ್ತದೆ. ಹಸುವಿನ ಕೊಟ್ಟಿಗೆಗೆ ಹಾಕುವ ದಪ್ಪ ರಬ್ಬರ್ ಮ್ಯಾಟ್ ತಂದು ಅಳತೆಗೆ ಕತ್ತರಿಸಿ. ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬಿಸಿ ತಡೆಯುತ್ತದೆ, ಸದ್ದು ಕಮ್ಮಿ ಮಾಡುತ್ತದೆ, ಉಗುರು ಹಿಡಿಯುತ್ತದೆ. ಆದರೆ ಅಂಟಿಸಬೇಡಿ. ವಾರಕ್ಕೊಮ್ಮೆ ಎತ್ತಿ ತೊಳೆದು ಒಣಗಿಸಿ. ಕೆಳಗೆ ನೀರು ನಿಂತರೆ, ಅದರಲ್ಲೂ ನಾಯಿಯ ಉಚ್ಚೆ ನಿಂತರೆ, ನಮ್ಮ ಮಳೆಗಾಲದಲ್ಲಿ ತಗಡು ಬೇಗ ತುಕ್ಕು ಹಿಡಿಯುತ್ತದೆ.

ಕಟ್ಟುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೊರಳಪಟ್ಟಿಗೆ ಕಟ್ಟಬೇಡಿ. ಕರಿಯ ನಮ್ಮ ನಾಡುನಾಯಿ. ಅವನು ಮರಿಯಾಗಿದ್ದಾಗ ಕಕ್ಕಬ್ಬೆ ದಾರಿಯಲ್ಲಿ ಕೋಳಿ ಕಂಡು ಹಿಂಬದಿಯ ಡಾಲಾ (ಇಳಿಸಿ ಏರಿಸುವ ತಗಡಿನ ಬಾಗಿಲು) ಮೇಲಿಂದ ಹಾರಿದ. ಹಗ್ಗ ಕೊರಳಲ್ಲಿತ್ತು. ಹಿಂದೆ ಬರುತ್ತಿದ್ದ ಬೈಕಿನವರು ಕೂಗಿದ್ದಕ್ಕೆ ಬದುಕಿದ. ಎದೆಗೆ ಹಾಕುವ ಹಾರ್ನೆಸ್ ತನ್ನಿ. ಎದ್ದು ನಿಲ್ಲಲು, ಮಲಗಲು ಆಗುವಷ್ಟೇ ಉದ್ದದ ಪಟ್ಟಿ ಸಾಕು. ಡಾಲಾ ದಾಟಲು ಆಗಬಾರದು. ಪಟ್ಟಿಯ ಇನ್ನೊಂದು ತುದಿಗೆ ನೆಲದಲ್ಲಿ ಕಬ್ಬಿಣದ ಡಿ ರಿಂಗ್, ಅದರ ಕೆಳಗೆ ಅಂಗೈ ಅಗಲದ ಪ್ಲೇಟ್ ಇಟ್ಟು ಬೋಲ್ಟ್ ಹಾಕಿಸಿ. ಬರೀ ವಾಷರ್ ಇದ್ದರೆ ಜೋರಾಗಿ ಎಳೆದಾಗ ಹಳೇ ತಗಡು ಹರಿದು ಬರುತ್ತದೆ. ಎರಡು ನಾಯಿಗೆ ಎರಡು ರಿಂಗ್, ಪಟ್ಟಿ ಸುತ್ತಿಕೊಳ್ಳದಷ್ಟು ದೂರದಲ್ಲಿ. ಅವುಗಳ ಜೊತೆ ಹಿಂದೆ ಇರುವ ಟೂಲ್ಸ್ ಪೆಟ್ಟಿಗೆ, ಜಾಕ್, ನೀರಿನ ಕ್ಯಾನ್ ಎಲ್ಲವನ್ನೂ ಬಿಗಿಯಾಗಿ ಕಟ್ಟಿ. ಬ್ರೇಕ್ ಹಾಕಿದಾಗ ಜಾಕ್ ಹಾರಿ ಬಂದು ತಾಗುವುದು ಮಲಗಿರುವ ನಾಯಿಗೇ.

ವಯಸ್ಸಾದ ಲ್ಯಾಬ್ರಡಾರ್ ಆದರೆ ಹತ್ತಿಸುವುದಕ್ಕೆ ಒಂದು ಹಲಗೆ ಮಾಡಿಕೊಳ್ಳಿ. ಸಿಲ್ವರ್ ಓಕ್ ಹಲಗೆ, ಮೇಲೆ ಹಳೇ ಕಾಫಿ ಗೋಣಿ ಹೊಡೆದರೆ ಆಯಿತು. ದಿನಕ್ಕೆ ಹತ್ತು ಸಲ ಆ ಎತ್ತರದಿಂದ ಹಾರಿದರೆ ಸೊಂಟ ಕೆಡುತ್ತದೆ. ಇದೇ ಹಲಗೆ ಕೆಸರಲ್ಲಿ ಚಕ್ರ ಹೂತಾಗಲೂ ಬೇಕಾಗುತ್ತದೆ.

ಉಳಿದ ದುಡ್ಡು ಬ್ರೇಕಿಗೆ. ಹಳೇ ಜೀಪಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ತೋಡು (ಸಣ್ಣ ಹಳ್ಳ) ದಾಟಿದ ಮೇಲೆ ಸ್ವಲ್ಪ ಹೊತ್ತು ಹಿಡಿಯುವುದೇ ಇಲ್ಲ. ಆಚೆ ದಡಕ್ಕೆ ಬಂದ ಕೂಡಲೇ ಮೆಲ್ಲಗೆ ಪೆಡಲ್ ಒತ್ತುತ್ತಾ ಸ್ವಲ್ಪ ದೂರ ಹೋಗಿ, ಒಣಗುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಅದು ನೀರು ಹೀರುತ್ತದೆ. ಎಂಜಿನ್ ಶಕ್ತಿಯನ್ನು ಚಕ್ರದ ಕಡೆಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ (ಕೀಲಿಗೆ) ಗ್ರೀಸ್ ಹೊಡೆಸಿ. ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ದೂರ ಉರುಳಬೇಕು. ಈ ಗಾಡಿಯಲ್ಲಿ ಆ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಮಧ್ಯೆ ಇಲ್ಲ, ಆ ಬಿಗಿತವೆಲ್ಲ ಗೇರಿಗೆ, ಶಾಫ್ಟಿಗೆ ಬೀಳುತ್ತದೆ. ವಿಂಚು ಸದ್ಯಕ್ಕೆ ಬೇಡ. ಒಳ್ಳೆಯ ಹಗ್ಗ, ಗುದ್ದಲಿ, ಟೈರಿಗೆ ಗಾಳಿ ಹೊಡೆಯುವ ಪಂಪು ಇರಲಿ. ಮಳೆಗಾಲದಲ್ಲಿ ನಮ್ಮ ತೋಟದ ಜೀಪುಗಳು ಕೆಸರು ಹತ್ತುವುದು ಚಕ್ರಕ್ಕೆ ಕಟ್ಟಿದ ಚೈನಿನಿಂದ, ಅಲ್ವಾ? ಅದೇ ಚೈನ್ ನಿಮಗೂ ಸಾಕು.

ನೀರಿನ ಲೆಕ್ಕ: ನಾಯಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿ.ಲೀ. ಮೂವತ್ತು ಕಿಲೋ ನಾಯಿಗೆ ಎರಡು ಲೀಟರಿನ ಹತ್ತಿರ. ಬಿಸಿಲಲ್ಲಿ ಓಡಿದರೆ ಇನ್ನೂ ಜಾಸ್ತಿ. 20 ಲೀಟರಿನ ಒಂದು ಕ್ಯಾನ್ ಅವಕ್ಕೇ ಅಂತ ಇಡಿ.

ಪ್ರಶ್ನೆ: ಮೇಡಂ, ನಾನು ನಿವೃತ್ತ. 1998ರ ಮಾರುತಿ ಜಿಪ್ಸಿ ಇದೆ. ಗಾಡಿ ಎತ್ತರ ಮಾಡಿಸಿ, ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಿ, ಮೇಲೆ ರೂಫ್ ಟೆಂಟ್ ಕೂರಿಸಬೇಕೆಂದಿದ್ದೇನೆ. ನನ್ನ ಜೊತೆ ಹನ್ನೊಂದು ವರ್ಷದ ಜರ್ಮನ್ ಶೆಫರ್ಡ್ ಬರುತ್ತದೆ. ಆರ್‌ಟಿಒ ತೊಂದರೆ ಇದೆಯೇ?
— ಓದುಗರು, ಕುಶಾಲನಗರ

ಉತ್ತರ: ಸರ್, ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೇ ಇರುವುದು. ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸಬಾರದು ಅಂತ ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಹೇಳಿದೆ. ಬುಲ್ ಬಾರ್ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ನಿಮ್ಮ ಗಾಡಿಗೆ 15 ವರ್ಷ ದಾಟಿದೆ. ಐದು ವರ್ಷಕ್ಕೊಮ್ಮೆ ತಪಾಸಣೆಗೆ ನಿಲ್ಲಿಸಲೇಬೇಕು. ಬೋಲ್ಟ್ ಬಿಚ್ಚಿದರೆ ಮೊದಲಿನ ಹಾಗೆ ಆಗುವಂಥದ್ದನ್ನು ಮಾತ್ರ ಮಾಡಿಸಿ.

ಕಾನೂನು ಬಿಡಿ, ನಿಮ್ಮ ನಾಯಿಯ ಕಡೆಯಿಂದ ನೋಡಿ. ಗಾಡಿ ಎತ್ತರವಾದಷ್ಟೂ ಹನ್ನೊಂದು ವರ್ಷದ ಶೆಫರ್ಡ್‌ಗೆ ಹತ್ತುವುದು ಕಷ್ಟ. ರೂಫ್ ಟೆಂಟಿಗೆ ಏಣಿ ಬೇಕು. ನೀವು ಮೇಲೆ ಹೋದರೆ ಅದು ಕೆಳಗೆ ಒಂಟಿ. ಜಿಪ್ಸಿ ಕಿರಿದಾದ ಗಾಡಿ, ಮೇಲೆ ಭಾರ ಹೇರಿದರೆ ಓರೆ ದಾರಿಯಲ್ಲಿ ಮಗುಚುವ ಭಯ ಬೇರೆ. ಹಿಂದಿನ ಸೀಟುಗಳನ್ನು ಮಡಚಿ ಅದಕ್ಕೆ ಹಾಸಿಗೆ ಮಾಡಿ. ನೀವು ಪಕ್ಕದಲ್ಲೇ ನೆಲದ ಟೆಂಟಿನಲ್ಲಿ ಮಲಗಿ, ಅಥವಾ ಯಾರದಾದರೂ ಹೋಮ್‌ಸ್ಟೇ ಅಂಗಳದಲ್ಲಿ. ಒಂದು ಮಾತು ಮಾತ್ರ ಮರೆಯಬೇಡಿ. ರಾತ್ರಿ ನಾಯಿಯನ್ನು ಹೊರಗೆ ಕಟ್ಟಬಾರದು. ನಮ್ಮ ಕಡೆ ಚಿರತೆ ಅಂಗಳಕ್ಕೇ ಬಂದು ನಾಯಿ ಒಯ್ಯುತ್ತದೆ. ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ.

ಪ್ರಶ್ನೆ: ಅಕ್ಕ, ಐದು ತಿಂಗಳ ಮರಿ ಜೀಪು ಹತ್ತಿದ ಕೂಡಲೇ ಜೊಲ್ಲು ಸುರಿಸಿ ನಡುಗುತ್ತದೆ. ಮಾತ್ರೆ ಕೊಡಬಹುದಾ?
— ಓದುಗಿ, ಮೂರ್ನಾಡು

ಉತ್ತರ: ತಂಗೀ, ಹತ್ತಿದ ಕೂಡಲೇ ನಡುಗಿದರೆ ಅದು ಹೊಟ್ಟೆ ತೊಳಸುವುದಲ್ಲ, ಹೆದರಿಕೆ. ಒಂದು ವಾರ ಎಂಜಿನ್ ಆಫ್ ಇಟ್ಟು ಜೀಪಿನಲ್ಲೇ ಊಟ ಕೊಡಿ. ಆಮೇಲೆ ಸ್ಟಾರ್ಟ್ ಮಾಡಿ ಸುಮ್ನೆ ಜೊತೆಗೆ ಕೂರಿ. ಆಮೇಲೆ ಗೇಟಿನವರೆಗೆ, ಆಮೇಲೆ ಮೇನ್ ರೋಡಿಗೆ. ಊಟವಾಗಿ ಮೂರ್ನಾಲ್ಕು ಗಂಟೆ ಕಳೆದ ಮೇಲೆ ಹೊರಡಿ. ಮಾತ್ರೆ ಪಶುವೈದ್ಯರು ಬರೆದುಕೊಟ್ಟರೆ ಮಾತ್ರ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಯಾವತ್ತೂ ಬೇಡ. ನಾಯಿಗೆ ಅವು ವಿಷ.

ಪ್ರಶ್ನೆ: ಜುಲೈಯಲ್ಲಿ ಹಳೇ ಜೀಪಿನಲ್ಲಿ ನಾಯಿಯ ಜೊತೆ ಕೊಡಗಿಗೆ ಬರುತ್ತಿದ್ದೇವೆ. ನಾಗರಹೊಳೆ ಕಾಡು, ಬೆಟ್ಟ, ತೊರೆ ಎಲ್ಲ ನೋಡಬೇಕು. ಏನೇನು ಎಚ್ಚರ ಬೇಕು?
— ಓದುಗರು, ಬೆಂಗಳೂರು

ಉತ್ತರ: ಬನ್ನಿ, ಆದರೆ ನವೆಂಬರಿನಲ್ಲಿ ಬಂದರೆ ನಾಯಿಗೂ ನಿಮಗೂ ಸುಖ. ಜುಲೈ, ಆಗಸ್ಟ್ ನಮ್ಮಲ್ಲಿ ಜೋರು ಮಳೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜರಿದದ್ದನ್ನು ನಾವು ಮರೆತಿಲ್ಲ. ರೆಡ್ ಅಲರ್ಟ್ ಇದ್ದ ದಿನ ಫೋರ್ ವೀಲ್ ಇದೆ ಅಂತ ಘಾಟಿ ದಾರಿಗೆ ಇಳಿಯಬೇಡಿ.

ನಾಗರಹೊಳೆ ರಾಷ್ಟ್ರೀಯ ಉದ್ಯಾನ. ಅಲ್ಲಿ ಸಫಾರಿಗೆ ನಾಯಿ ಇಲ್ಲ. ಇದು ಸರಿಯಾದದ್ದೇ ಅಂತ ನನ್ನ ಗಟ್ಟಿ ಅಭಿಪ್ರಾಯ. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗದ ವೈರಸ್ಸೇ 2018ರಲ್ಲಿ ಗುಜರಾತಿನ ಗೀರ್ ಕಾಡಿನ ಸಿಂಹಗಳಲ್ಲೂ ಸಿಕ್ಕಿತ್ತು. ನಮ್ಮ ನಾಯಿಗೆ ರೇಬೀಸ್, ಡಿಸ್ಟೆಂಪರ್ ಲಸಿಕೆ ಹಾಕಿಸುವುದು ಕಾಡಿನ ಪ್ರಾಣಿಗಳಿಗೂ ಮಾಡುವ ಉಪಕಾರ. ಲಸಿಕೆ ಪುಸ್ತಕ ಜೀಪಿನಲ್ಲೇ ಇರಲಿ.

ಸಿದ್ದಾಪುರ, ತಿತಿಮತಿ ಕಡೆ ತೋಟಗಳಲ್ಲೇ ಆನೆ ಇರುತ್ತವೆ. ಅಲ್ಲಿ ನಾಯಿಯನ್ನು ಬಿಡಬೇಡಿ. ನಾಯಿ ಬೊಗಳುತ್ತಾ ಆನೆಯ ಹತ್ತಿರ ಹೋಗುತ್ತದೆ. ಆನೆ ತಿರುಗಿ ಬಿದ್ದಾಗ ನೇರ ಓಡಿ ಬರುವುದು ಯಜಮಾನನ ಕಾಲ ಹತ್ತಿರಕ್ಕೆ, ಹಿಂದೆ ಆನೆ.

ಮಡಿಕೇರಿಯಲ್ಲಿ ಅಂಗಡಿ ಅಂಗಡಿಯಲ್ಲೂ ಹೋಮ್ ಮೇಡ್ ಚಾಕೊಲೇಟ್ ಸಿಗುತ್ತದೆ. ಕೊಳ್ಳಿ, ಆದರೆ ಸೀಟಿನ ಮೇಲೆ ಬಿಡಬೇಡಿ. ಚಾಕೊಲೇಟ್, ಕಾಫಿ ಪುಡಿ, ಕಾಫಿ ಬೀಜ ಮೂರೂ ನಾಯಿಯ ಎದೆಬಡಿತ ಕೆಡಿಸುತ್ತವೆ. ಕರಾವಳಿಗೂ ಹೋಗುವುದಾದರೆ ನೆನಪಿಡಿ, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಸುಮಾರು ಸಾವಿರ ಮೀಟರ್ ಕೆಳಗೆ ಬರುತ್ತೀರಿ. ಮೇಲೆ ಚಳಿ, ಕೆಳಗೆ ಸೆಕೆ. ಎಸಿ ಇಲ್ಲದ ಜೀಪಿನಲ್ಲಿ ನಾಯಿ ಜೋರಾಗಿ ಏದುಸಿರು ಬಿಟ್ಟು ಒಸಡು ಕೆಂಪಾದರೆ ನೆರಳಲ್ಲಿ ನಿಲ್ಲಿಸಿ. ಹೊಟ್ಟೆ, ಪಾದಕ್ಕೆ ಸಾದಾ ನೀರು ಹಾಕಿ, ಗಾಳಿ ಬೀಸಿ. ನಾಯಿಯ ಮೈಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ. 41 ದಾಟಿದರೆ ಜೀವಕ್ಕೆ ಅಪಾಯ, ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಇಂಬಳದ (ನೆಲದ ಮೇಲಿನ ಜಿಗಣೆ) ಬಗ್ಗೆ ಎಲ್ಲರೂ ಹೆದರುತ್ತಾರೆ. ಕಾಲಿಗೆ ಹತ್ತಿದ್ದು ದೊಡ್ಡ ವಿಷಯವಲ್ಲ, ಉಪ್ಪು ಮುಟ್ಟಿಸಿದರೆ ಬೀಳುತ್ತದೆ. ಆದರೆ ತೊರೆಯ ನೀರಿಗೆ ನಾಯಿ ಬಾಯಿ ಹಾಕಿದಾಗ ಸಣ್ಣ ಜಿಗಣೆ ಮೂಗಿನೊಳಗೆ ಸೇರಿಕೊಳ್ಳಬಹುದು. ಊರಿಗೆ ಹೋದ ಮೇಲೆ ನಾಯಿ ಪದೇ ಪದೇ ಸೀನುತ್ತದೆ, ಒಂದೇ ಹೊಳ್ಳೆಯಲ್ಲಿ ರಕ್ತ ಬರುತ್ತದೆ. ಅಲ್ಲಿಯ ವೈದ್ಯರಿಗೆ, "ಕೊಡಗಿನ ತೊರೆ ನೀರು ಕುಡಿದಿದೆ" ಅಂತ ಮೊದಲೇ ಹೇಳಿ. ಕರಿಯನಿಗೆ ಹೀಗಾದಾಗ ವೈದ್ಯರು ಅರ್ಧ ದಿನ ನೀರು ಕೊಡದೆ ಇಟ್ಟು, ಆಮೇಲೆ ಒಂದು ಬೋಗುಣಿ ತಣ್ಣೀರು ಮೂಗಿನ ಹತ್ತಿರ ಹಿಡಿದರು. ನೀರಿನ ಆಸೆಗೆ ಜಿಗಣೆ ತಲೆ ಹೊರಗೆ ಹಾಕಿತು. ವೈದ್ಯರು ಚಿಮಟದಲ್ಲಿ ಹಿಡಿದು ತೆಗೆದರು.