ಹಚ್ಚೆಯ ಬಣ್ಣ ಚರ್ಮದಲ್ಲೇ ನಿಲ್ಲುವುದಿಲ್ಲ, ಆದರೆ ಲೇಸರ್‌ಗೆ ಓಡಬೇಡಿ

ಓದುಗರ ಪತ್ರ: ಆರು ವರ್ಷದ ಹಿಂದೆ ಬಲತೋಳಿಗೆ ದೊಡ್ಡದೊಂದು ಟ್ಯಾಟೂ ಹಾಕಿಸಿಕೊಂಡೆ. ಮೊನ್ನೆ ಒಂದು ವಿಡಿಯೋ ನೋಡಿದೆ. ಟ್ಯಾಟೂ ಶಾಯಿ ಲಿಂಫ್ ನೋಡ್‌ಗಳಲ್ಲಿ ಹೋಗಿ ಕೂರುತ್ತದಂತೆ, ಹಾಕಿಸಿಕೊಂಡ 100 ಜನರಲ್ಲಿ 21 ಜನರಿಗೆ ಕ್ಯಾನ್ಸರ್ ಬರುತ್ತದಂತೆ. ಅಂದಿನಿಂದ ಸರಿಯಾಗಿ ನಿದ್ದೆ ಇಲ್ಲ. ಲೇಸರ್‌ನಲ್ಲಿ ತೆಗೆಸಿಬಿಡಲೇ? ನನ್ನ ತಂಗಿಯೂ ಹಾಕಿಸಿಕೊಳ್ಳುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವಳಿಗೆ ಏನು ಹೇಳಲಿ?

ಸಂಪಾದಕರ ಉತ್ತರ: ನಮಸ್ಕಾರ. ಮೊದಲು ನಿದ್ದೆ ಮಾಡಿ. ಆ ವಿಡಿಯೋದ ಮೊದಲ ಮಾತು ನಿಜ, ಎರಡನೆಯದು ಸುಳ್ಳು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೇ ನಿಮಗೆ ಇಷ್ಟು ಗಾಬರಿಯಾಗಿರುವುದು.

ನಿಜದಿಂದ ಶುರು ಮಾಡೋಣ. ಟ್ಯಾಟೂ ಸೂಜಿ ಮೇಲ್ಚರ್ಮವನ್ನು ದಾಟಿ, ಒಂದೆರಡು ಮಿಲಿಮೀಟರ್ ಆಳದಲ್ಲಿ, ಒಳಚರ್ಮದಲ್ಲಿ ಬಣ್ಣ ಬಿಡುತ್ತದೆ. ಮೇಲ್ಚರ್ಮ ಸದಾ ಉದುರುತ್ತಾ ಹೊಸದಾಗುತ್ತಿರುತ್ತದೆ, ಅಲ್ಲೇ ಬಿಟ್ಟಿದ್ದರೆ ಕೆಲವೇ ವಾರಗಳಲ್ಲಿ ಚಿತ್ರ ಅಳಿಸಿಹೋಗುತ್ತಿತ್ತು. ಒಳಗೆ ಬಂದ ಬಣ್ಣವನ್ನು ನುಂಗಲು ಮ್ಯಾಕ್ರೋಫೇಜ್ ಅನ್ನುವ ಕಾವಲು ಕೋಶಗಳು ಮುತ್ತಿಕೊಳ್ಳುತ್ತವೆ. ನುಂಗುತ್ತವೆ, ಆದರೆ ಅರಗಿಸಿಕೊಳ್ಳಲು ಆಗುವುದಿಲ್ಲ. ಆ ಕೋಶ ಸತ್ತಾಗ ಬಣ್ಣ ಹೊರಬೀಳುತ್ತದೆ, ಪಕ್ಕದಲ್ಲಿರುವ ಇನ್ನೊಂದು ಕೋಶ ಅದನ್ನೇ ಮತ್ತೆ ನುಂಗುತ್ತದೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಬಾಲಕ್ಕೆ ಹಚ್ಚೆ ಹಾಕಿ ಇದನ್ನು ತೋರಿಸಿದರು. ನಿಮ್ಮ ತೋಳಿನ ಚಿತ್ರ ಆರು ವರ್ಷ ಕಳೆದರೂ ಹಾಗೇ ಇದೆಯಲ್ಲ, ಅದರ ಹಿಂದೆ ಇಷ್ಟೆಲ್ಲ ನಡೆಯುತ್ತಿದೆ.

ಎಲ್ಲ ಬಣ್ಣವೂ ಅಲ್ಲೇ ಉಳಿಯುವುದಿಲ್ಲ. ಸಣ್ಣ ಕಣಗಳು ದುಗ್ಧನಾಳಗಳಿಗೆ ಸೇರಿಕೊಳ್ಳುತ್ತವೆ. ರಕ್ತನಾಳದಿಂದ ಜಿನುಗಿ ಕೋಶಗಳ ನಡುವೆ ಉಳಿದ ದ್ರವವನ್ನು ವಾಪಸ್ ರಕ್ತಕ್ಕೆ ಸೇರಿಸುವುದು ಈ ನಾಳಗಳ ಕೆಲಸ. ಇದಕ್ಕೆ ಹೃದಯದಂಥ ಪಂಪ್ ಇಲ್ಲ. ನಾಳಗಳ ಗೋಡೆ ಹಿಂಡುವುದರಿಂದ, ನಾವು ಕೈಕಾಲು ಆಡಿಸಿದಾಗ ಸ್ನಾಯು ಒತ್ತುವುದರಿಂದ ದ್ರವ ಮುಂದೆ ಸಾಗುತ್ತದೆ. ದಾರಿಯಲ್ಲಿ ಸಿಗುವ ಲಿಂಫ್ ನೋಡ್‌ಗಳು, ಅಂದರೆ ದುಗ್ಧಗ್ರಂಥಿಗಳು, ಜರಡಿ ಇದ್ದಂತೆ. ಕೀಟಾಣು, ಸತ್ತ ಕೋಶ, ಹೊರಗಿನ ಕಣ ಎಲ್ಲವೂ ಅಲ್ಲಿ ಸಿಕ್ಕಿಬೀಳುತ್ತವೆ. ತೋಳಿನ ಬಣ್ಣ ಸೇರುವುದು ಕಂಕುಳಿಗೆ, ಕಾಲಿನದು ತೊಡೆಸಂದಿಗೆ.

2017ರಲ್ಲಿ ಜರ್ಮನಿಯ ಸಂಶೋಧಕರು ಮತ್ತು ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನ್ (ಅತಿ ಪ್ರಬಲ ಎಕ್ಸ್‌ರೇ ಹೊಮ್ಮಿಸುವ ಯಂತ್ರ) ಕೇಂದ್ರದವರು ಸೇರಿ, ತೀರಿಕೊಂಡ ಹಚ್ಚೆಧಾರಿಗಳ ಚರ್ಮ ಮತ್ತು ಲಿಂಫ್ ನೋಡ್ ಎರಡನ್ನೂ ಪ್ರಬಲ ಎಕ್ಸ್‌ರೇ ಕಿರಣದಲ್ಲಿ ನೋಡಿದರು. ಚರ್ಮದಲ್ಲಿ ದೊಡ್ಡ ಕಣ, ಸಣ್ಣ ಕಣ ಎರಡೂ ಇದ್ದವು. ನೋಡ್‌ಗಳವರೆಗೆ ಹೋಗಿದ್ದು ಹೆಚ್ಚಾಗಿ ನ್ಯಾನೋ ಗಾತ್ರದ, ಅಂದರೆ ಅತಿ ಸೂಕ್ಷ್ಮ ಪುಡಿ. ಬಿಳಿ ಬಣ್ಣಕ್ಕೆ ಹಾಕುವ ಟೈಟಾನಿಯಂ ಡೈಆಕ್ಸೈಡ್ ಅಲ್ಲೂ ಸಿಕ್ಕಿತು. 2019ರಲ್ಲಿ ಬಂದ ಇನ್ನೊಂದು ವಿಷಯ ನನಗೆ ಇನ್ನೂ ಅಚ್ಚರಿ: ಅದೇ ಬಿಳಿ ಪುಡಿ ಸೂಜಿಯನ್ನೇ ಸವೆಸುತ್ತದೆ, ಸವೆದ ಉಕ್ಕಿನ ನಿಕ್ಕಲ್, ಕ್ರೋಮಿಯಂ ಕಣಗಳೂ ಮೈಯೊಳಗೆ ಸೇರುತ್ತವೆ.

ಇದರಿಂದ ಆಗುವ ಒಂದು ತೊಂದರೆಯಂತೂ ಖಚಿತ, ಅದನ್ನು ವಿಡಿಯೋಗಳು ಹೇಳುವುದೇ ಇಲ್ಲ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇರುವವರಿಗೆ, ರೋಗ ಹರಡಿದೆಯೇ ಅಂತ ನೋಡಲು ಸರ್ಜನ್ ಹತ್ತಿರದ ನೋಡ್ ತೆಗೆಯುತ್ತಾರೆ. ಅದು ಕಪ್ಪಾಗಿದ್ದರೆ ಹರಡಿದ ಮೆಲನೋಮಾದ ಹಾಗೆಯೇ ಕಾಣುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದಾಗಲೇ ಅದು ಹಳೆಯ ಹಚ್ಚೆಯ ಶಾಯಿ ಅಂತ ಗೊತ್ತಾಗುವುದು. ಮ್ಯಾಮೊಗ್ರಾಮ್‌ನಲ್ಲೂ (ಸ್ತನದ ಎಕ್ಸ್‌ರೇ) ಕಂಕುಳಿನ ಬಣ್ಣದ ಕಣಗಳು, ಕ್ಯಾನ್ಸರ್‌ನ ಸುಳಿವಾಗಿರಬಹುದಾದ ಸುಣ್ಣದ ಚುಕ್ಕಿಗಳಂತೆ ಕಂಡು ದಾರಿ ತಪ್ಪಿಸಿದ ಪ್ರಕರಣಗಳಿವೆ. ಆದ್ದರಿಂದ ಸ್ಕ್ಯಾನ್‌ಗೋ ಆಪರೇಷನ್‌ಗೋ ಹೋದಾಗ ನಿಮ್ಮ ಟ್ಯಾಟೂ ವಿಷಯ ನೀವೇ ಬಾಯಿಬಿಟ್ಟು ಹೇಳಿ. ತೆಗೆಸಿಹಾಕಿದ್ದರೂ ಹೇಳಬೇಕು.

ಈಗ ಆ 21ರ ಲೆಕ್ಕ. 2024ರಲ್ಲಿ ಸ್ವೀಡನ್‌ನ ಲುಂಡ್ ವಿಶ್ವವಿದ್ಯಾಲಯದ ಅಧ್ಯಯನವೊಂದು, ಹಚ್ಚೆ ಇರುವವರಲ್ಲಿ ಲಿಂಫೋಮಾ (ದುಗ್ಧಕೋಶಗಳ ಕ್ಯಾನ್ಸರ್) ಅಪಾಯ ಶೇ 21ರಷ್ಟು ಜಾಸ್ತಿ ಕಂಡಿತು ಎಂದಿತು. ಹಾಗಂದರೆ ಹಚ್ಚೆ ಇರುವ 100 ಜನರಲ್ಲಿ 21 ಜನಕ್ಕೆ ರೋಗ ಅಂತಲ್ಲ! ಹಚ್ಚೆ ಇಲ್ಲದ ದೊಡ್ಡ ಗುಂಪೊಂದರಲ್ಲಿ 100 ಜನರಿಗೆ ಬರುವ ರೋಗ, ಹಚ್ಚೆ ಇರುವ ಅಷ್ಟೇ ದೊಡ್ಡ ಗುಂಪಿನಲ್ಲಿ 121 ಜನರಿಗೆ ಬಂದೀತು ಅಂತ. ಲಿಂಫೋಮಾ ಮೊದಲೇ ಅಪರೂಪದ ರೋಗ. ಜೊತೆಗೆ ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದಾದ ಗಡಿಯಲ್ಲೇ ಇತ್ತು, ಹಚ್ಚೆ ದೊಡ್ಡದಾದಷ್ಟೂ ಅಪಾಯ ಏರಿದ್ದೂ ಕಾಣಲಿಲ್ಲ. 2025ರಲ್ಲಿ ಡೆನ್ಮಾರ್ಕಿನವರು ಅವಳಿಗಳ ಮೇಲೆ ಅಧ್ಯಯನ ಮಾಡಿದಾಗ ಅಂಗೈಗಿಂತ ದೊಡ್ಡ ಹಚ್ಚೆ ಇರುವವರಲ್ಲಿ ಅಪಾಯ ಸುಮಾರು 2.7 ಪಟ್ಟು ಕಂಡಿತು, ಆದರೆ ಅಲ್ಲಿ ರೋಗಿಗಳ ಸಂಖ್ಯೆ ಚಿಕ್ಕದು. ಒಂದು ಅಧ್ಯಯನ ಗಾತ್ರ ಮುಖ್ಯ ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ. ಇಷ್ಟರ ಮೇಲೆ ಹಚ್ಚೆಯೇ ಕ್ಯಾನ್ಸರ್ ತಂದಿತು ಅನ್ನುವುದು ದುಡುಕು. ಏನೂ ಆಗುವುದಿಲ್ಲ ಅಂತ ತಳ್ಳಿಹಾಕುವುದೂ ಸರಿಯಲ್ಲ.

ಯಾಕಂದರೆ ಅದೇ ವರ್ಷ ಸ್ವಿಟ್ಜರ್ಲೆಂಡಿನ ಬೆಲ್ಲಿಂಜೋನಾದಲ್ಲಿ ಇಲಿಗಳ ಮೇಲೆ ನಡೆದ ಕೆಲಸದಲ್ಲಿ, ಶಾಯಿ ನುಂಗಿದ ನೋಡ್‌ನ ಕೋಶಗಳು ಸಾಯುತ್ತಿದ್ದವು, ಎರಡು ತಿಂಗಳಾದರೂ ಉರಿಯೂತ ಪೂರ್ತಿ ಇಳಿದಿರಲಿಲ್ಲ. ಅದೇ ಜಾಗಕ್ಕೆ ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆ ಕೊಟ್ಟಾಗ ಪ್ರತಿಕಾಯಗಳು ಕಡಿಮೆ ಬಂದವು, ಇನ್ನೊಂದು ಬಗೆಯ ಫ್ಲೂ ಲಸಿಕೆಗೆ ಜಾಸ್ತಿ ಬಂದವು. ಇಲಿಯ ಫಲಿತಾಂಶ ಮನುಷ್ಯನಿಗೆ ನೇರವಾಗಿ ಹೊಂದುವುದಿಲ್ಲ. ಆದರೂ ನಾನಾಗಿದ್ದರೆ ಲಸಿಕೆಯನ್ನು ಟ್ಯಾಟೂ ಇಲ್ಲದ ಕೈಗೆ ಕೊಡಿ ಅಂತ ಕೇಳುತ್ತಿದ್ದೆ.

ಇನ್ನು ಲೇಸರ್. ಲೇಸರ್ ಬಣ್ಣವನ್ನು ಹೊರಗೆ ತೆಗೆಯುವುದಿಲ್ಲ, ಪುಡಿ ಮಾಡುತ್ತದೆ. ಆ ಪುಡಿ ಹೋಗುವುದು ಬಹುಪಾಲು ಅದೇ ದುಗ್ಧನಾಳಗಳ ದಾರಿಯಲ್ಲೇ. ಕೆಲವು ಬಣ್ಣಗಳು ಲೇಸರ್ ಶಾಖಕ್ಕೆ ಒಡೆದು ಬೇರೆ ರಾಸಾಯನಿಕಗಳೂ ಆಗುತ್ತವೆ. ಲಿಂಫ್ ನೋಡ್‌ಗಳ ಚಿಂತೆಗೆ ಲೇಸರ್ ಮಾಡಿಸಿದರೆ ಅವಕ್ಕೇ ಹೊರೆ ಹೆಚ್ಚು, ಅಲ್ವಾ? ಚಿತ್ರವೇ ಬೇಡವಾಗಿದ್ದರೆ ಆ ಮಾತು ಬೇರೆ.

ಕಂಕುಳನ್ನು ದಿನಾ ಒತ್ತಿ ಒತ್ತಿ ನೋಡಬೇಡಿ, ಒತ್ತಿದಷ್ಟೂ ನೋಯುತ್ತದೆ, ನೋವಾದಷ್ಟೂ ಗಾಬರಿ. ಆದರೆ ಗಂಟು ಮೂರ್ನಾಲ್ಕು ವಾರವಾದರೂ ಇಳಿಯದಿದ್ದರೆ, ಬೆಳೆಯುತ್ತಿದ್ದರೆ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರಿದರೆ, ಸುಮ್ನೆ ತೂಕ ಇಳಿದರೆ ವೈದ್ಯರಿಗೆ ತೋರಿಸಿ. ಹೊಸ ಹಚ್ಚೆ ಕೆಂಪಾಗಿ, ಕೀವಾಗಿ, ಜ್ವರದ ಜೊತೆ ಗಂಟು ಬಂದರೆ ಅದು ಸೋಂಕು, ಅವತ್ತೇ ಹೋಗಬೇಕು.

ತಂಗಿಗೆ ಭಯ ಹುಟ್ಟಿಸಬೇಡಿ, ವಿಷಯ ಹೇಳಿ. ಟ್ಯಾಟೂ ಬಣ್ಣಗಳಲ್ಲಿ ಎಷ್ಟೋ ಮೊದಲು ತಯಾರಾಗಿದ್ದು ಪೇಂಟು, ಪ್ಲಾಸ್ಟಿಕ್‌ಗಾಗಿ. ಯುರೋಪಿಯನ್ ಒಕ್ಕೂಟ ಟ್ಯಾಟೂ ಶಾಯಿಯಲ್ಲಿ 4000ಕ್ಕೂ ಹೆಚ್ಚು ರಾಸಾಯನಿಕಗಳಿಗೆ ಮಿತಿ ಹಾಕಿದ್ದೇ 2022ರ ಜನವರಿಯಲ್ಲಿ. ಇಷ್ಟು ತಡವಾದದ್ದು ನನಗೆ ಸಿಟ್ಟು ತರಿಸುತ್ತದೆ. ಆಪರೇಷನ್‌ನಲ್ಲಿ ನೋಡ್ ತೆಗೆಸಿಕೊಂಡ ಅಥವಾ ಬಾವು ಬರುವ ಕೈಕಾಲಿಗೆ ಹಚ್ಚೆ ಬೇಡವೇ ಬೇಡ. ಬೇರೆಯವರು ಹಾಕಿಸಿಕೊಳ್ಳುವುದೇ ಆದರೆ ಚಿಕ್ಕದು ಸಾಕು. ಸೂಜಿ ಕಣ್ಣೆದುರೇ ಪ್ಯಾಕೆಟ್ ಒಡೆದದ್ದಾಗಿರಲಿ, ಶಾಯಿಗೆ ನಲ್ಲಿ ನೀರು ಬೆರೆಸುತ್ತಿದ್ದರೆ ಎದ್ದು ಬರಲಿ. ಬಾಟಲಿಯ ಮೇಲಿನ ಹೆಸರು, ಬ್ಯಾಚ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಲಿ. ಮುಂದೆ ಅಲರ್ಜಿ ಬಂದರೆ ವೈದ್ಯರು ಮೊದಲು ಕೇಳುವುದು ಅದನ್ನೇ.