ಹೆದರಿಕೆಗೆ ಇನ್ಶೂರೆನ್ಸ್ ಇಲ್ಲ, ಅಕ್ಕೋರೇ

ಓದುಗರ ಪತ್ರ: ನಾನು ಕುಮಟಾ ಕಡೆಯ ನಿವೃತ್ತ ಶಿಕ್ಷಕಿ. 2025ರ ಮೇ 8ಕ್ಕೆ ನಾವು ಹತ್ತು ಜನ ಗೋವಾದಿಂದ ವಿಮಾನದಲ್ಲಿ ಕಾಶ್ಮೀರಕ್ಕೆ ಹೊರಟಿದ್ದೆವು. ಆರು ಜನ ಮಾರ್ಚ್‌ನಲ್ಲಿ ಟಿಕೆಟ್ ಜೊತೆಗೇ ಪ್ರವಾಸದ ಇನ್ಶೂರೆನ್ಸ್ ಮಾಡಿಸಿದ್ದೆವು. ಏಪ್ರಿಲ್ 22ಕ್ಕೆ ಪಹಲ್ಗಾಮ್‌ನಲ್ಲಿ ಆ ಘೋರ ಭಯೋತ್ಪಾದಕ ದಾಳಿ ನಡೆಯಿತು. ಮರುದಿನವೇ ನಾವು ಆರೂ ಜನ ಟಿಕೆಟ್ ಕ್ಯಾನ್ಸಲ್ ಮಾಡಿದೆವು. ಉಳಿದ ನಾಲ್ವರು “ನೋಡೋಣ” ಅಂತ ಕಾದರು, ಆಮೇಲೆ ಹೋಗಿ ಇನ್ಶೂರೆನ್ಸ್ ಮಾಡಿಸಿಕೊಂಡರು. ಕೊನೆಗೆ ಕ್ಲೇಮು ನಮಗೂ ಸಿಗಲಿಲ್ಲ, ಅವರಿಗೂ ಸಿಗಲಿಲ್ಲ. ಆದರೆ ಅವರ ಟಿಕೆಟ್ ಹಣ ಪೂರ್ತಿ ವಾಪಸ್ ಬಂತು, ನಮ್ಮದು ಅರ್ಧಕ್ಕರ್ಧ ಕಡಿತವಾಗಿ ಬಂತು. ಏಜೆಂಟ್ ಅವತ್ತು “ಟೆರರಿಸಂ ಎಲ್ಲಾ ಕವರ್ ಆಗ್ತದೆ ಅಕ್ಕೋರೇ” ಅಂದಿದ್ದ. ಇದೆಲ್ಲ ಬರೀ ಕಣ್ಣೊರೆಸುವ ಆಟವೇ? ಪಾಲಿಸಿಯ ಎರಡು ಹಾಳೆಯ ಜೆರಾಕ್ಸ್ ಇಟ್ಟಿದ್ದೇನೆ. ಪಹಲ್ಗಾಮ್‌ನಲ್ಲಿ ಎರಡು ರಾತ್ರಿ ಉಳಿಯುವುದಿತ್ತು. ಮತ್ತೊಮ್ಮೆ ಹೊರಡುವ ಆಸೆ ಇದೆ. ಇನ್ಶೂರೆನ್ಸ್ ಮಾಡಿಸಬೇಕಾ, ಬೇಡವಾ?

ಸಂಪಾದಕರ ಉತ್ತರ:

ಅಕ್ಕೋರೇ, ನಮಸ್ಕಾರ. ನೀವು ಕಳಿಸಿದ ಆ ಎರಡು ಹಾಳೆಯನ್ನು ಶಿರಸಿಯ ನಮ್ಮ ಕಚೇರಿಯ ಕಿಟಕಿ ಹತ್ತಿರ ಹಿಡಿದು ಭೂತಗನ್ನಡಿ ಇಟ್ಟು ಓದಿದೆ. ಅಕ್ಷರ ಅಷ್ಟು ಸಣ್ಣ. ಓದಿ ಮುಗಿಸುವಷ್ಟರಲ್ಲಿ ಎರಡು ಲೋಟ ಕಷಾಯ ಖಾಲಿಯಾಯಿತು.

ನಿಮಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ. ಏಜೆಂಟ್ ಸುಳ್ಳು ಹೇಳಿಲ್ಲ. ಅರ್ಧ ಮಾತು ಹೇಳಿದ್ದಾನೆ. ಭಯೋತ್ಪಾದನೆ ನಿಮ್ಮ ಪಾಲಿಸಿಯಲ್ಲಿ ಇದೆ. ನೀವು ಕಳೆದುಕೊಂಡದ್ದು ಮಾತ್ರ ಅದರಲ್ಲಿ ಸಲೀಸಾಗಿ ಸಿಗುವುದಿಲ್ಲ.

ಪ್ರವಾಸದ ಪಾಲಿಸಿ ಅಂದರೆ ಅಬ್ಬಲಿಗೆ ದಂಡೆ ಇದ್ದಹಾಗೆ. ಏಳೆಂಟು ಸಣ್ಣ ಸಣ್ಣ ಪಾಲಿಸಿಗಳನ್ನು ಒಂದೇ ದಾರದಲ್ಲಿ ಕಟ್ಟಿರುತ್ತಾರೆ. ಆಸ್ಪತ್ರೆ ಖರ್ಚು ಒಂದು, ಅಪಘಾತದ ಸಾವು ಮತ್ತು ಅಂಗವೈಕಲ್ಯ ಇನ್ನೊಂದು, ಸಾಮಾನು ಕಳೆದರೆ ಮತ್ತೊಂದು, ಪ್ರವಾಸ ರದ್ದಾದರೆ ಬೇರೊಂದು. ಒಂದೊಂದಕ್ಕೂ ಅದರದ್ದೇ ಷರತ್ತು. ದಾಳಿಯಲ್ಲಿ ಸಿಕ್ಕಿಕೊಂಡವರ ಮೈಗೆ ಪೆಟ್ಟಾದರೆ ಆಸ್ಪತ್ರೆಯ ಭಾಗ, ಅಪಘಾತದ ಭಾಗ ಬಹಳಷ್ಟು ಪಾಲಿಸಿಗಳಲ್ಲಿ ಕೆಲಸ ಮಾಡುತ್ತವೆ. ದಾಳಿ ಮಾಡಿದವರ ಜೊತೆ ನೀವಿರಬಾರದು ಅಷ್ಟೇ! ಆದರೆ ಇನ್ನೂ ಮನೆಯಲ್ಲೇ ಇದ್ದವರು, ಟಿವಿ ನೋಡಿ “ಬೇಡಪ್ಪಾ” ಅಂದವರು, ಬೇರೆ ಲೆಕ್ಕ. ಹೋಗಲು ಮನಸ್ಸಾಗದಿರುವುದನ್ನು ಇನ್ಶೂರೆನ್ಸ್ ನಷ್ಟ ಅಂತ ಒಪ್ಪುವುದಿಲ್ಲ. ನಿಮ್ಮ ಹೆದರಿಕೆ ನೂರಕ್ಕೆ ನೂರು ನ್ಯಾಯವೇ. 26 ಜನ ಜೀವ ಕಳೆದುಕೊಂಡರು, ಅವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಆದರೂ ನಿಮ್ಮಂಥ ಸಾಮಾನ್ಯ ಪಾಲಿಸಿಯಲ್ಲಿ ಹೆದರಿಕೆಗೆ ಹಣ ಇಲ್ಲ.

ಹಾಗಾದರೆ ರದ್ದತಿಯ ಭಾಗದಲ್ಲಿ ಭಯೋತ್ಪಾದನೆ ಅಂತ ಬರೆದಿರುವುದು ಯಾಕೆ? ಅಲ್ಲೇ ಇರುವುದು ಗಂಟು. ನಿಮ್ಮ 18ನೇ ಪುಟದ ಮೂರನೇ ಸಾಲಿಗೆ ಪೆನ್ಸಿಲ್‌ನಿಂದ ಗೆರೆ ಹಾಕಿದ್ದೇನೆ. ಘಟನೆ “ಪ್ರವಾಸದ ಗಮ್ಯಸ್ಥಾನದಲ್ಲಿ” ಆಗಿರಬೇಕು, ಹೊರಡುವ ದಿನಕ್ಕೆ 30 ದಿನ ಮೊದಲಿನ ಅವಧಿಯೊಳಗೆ ಆಗಿರಬೇಕು, ಪಾಲಿಸಿ ಅದಕ್ಕಿಂತ ಮುಂಚೆ ಕೊಂಡಿರಬೇಕು. ಮೂರೂ ಕೂಡಿದರೆ ಹಣ, ಒಂದು ತಪ್ಪಿದರೂ ಇಲ್ಲ. ನಿಮ್ಮ ಆರು ಜನರ ಪಾಲಿಸಿ ಮಾರ್ಚ್‌ನದ್ದು, ಸರಿ. ಏಪ್ರಿಲ್ 22ರಿಂದ ಮೇ 8ಕ್ಕೆ 16 ದಿನ, ಅದೂ ಸರಿ. ಕಂಪನಿ ಹಿಡಿದದ್ದು ಊರಿನ ಹೆಸರನ್ನು. ಟಿಕೆಟ್ ಶ್ರೀನಗರಕ್ಕೆ, ದಾಳಿ ಆದದ್ದು ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ. ನಡುವೆ ಸುಮಾರು 90 ಕಿಲೋಮೀಟರ್. ಕಾರವಾರದಿಂದ ಹೊನ್ನಾವರಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಹೊನ್ನಾವರದಲ್ಲಿ ಏನೋ ಆದರೆ ಕಾರವಾರಕ್ಕೆ ಹೊರಟವರಿಗೆ ಏನು ಸಂಬಂಧ ಅಂತ ಅವರ ವಾದ.

ನನಗೆ ಈ ವಾದ ಒಪ್ಪಿಗೆಯಿಲ್ಲ. ನೀವು ಪತ್ರದ ಕೊನೆಯಲ್ಲಿ ಸುಮ್ನೆ ಬರೆದಂತೆ ಬರೆದಿದ್ದೀರಿ, “ಪಹಲ್ಗಾಮ್‌ನಲ್ಲಿ ಎರಡು ರಾತ್ರಿ ಉಳಿಯುವುದಿತ್ತು” ಅಂತ. ಅದು ಸಣ್ಣ ಮಾತಲ್ಲ. ಟೂರಿನವರು ಕೊಟ್ಟ ಕಾರ್ಯಕ್ರಮ ಪಟ್ಟಿಯಲ್ಲಿ ಪಹಲ್ಗಾಮ್ ಹೆಸರಿದ್ದರೆ, ಹೋಟೆಲಿನ ಮುಂಗಡದ ರಸೀದಿ ಇದ್ದರೆ, ಗಮ್ಯಸ್ಥಾನ ಶ್ರೀನಗರ ಒಂದೇ ಅಂತ ಅವರು ಹೇಗೆ ಹೇಳುತ್ತಾರೆ? ಅದನ್ನೇ ಬರೆದು ಕಂಪನಿಯ ದೂರು ವಿಭಾಗಕ್ಕೆ ಕಳಿಸಿ. ಫೋನ್ ಬೇಡ, ಇಮೇಲ್ ಇರಲಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್, ಅಂದರೆ ಇನ್ಶೂರೆನ್ಸ್ ದೂರು ಕೇಳಿ ತೀರ್ಮಾನಿಸುವವರ, ಕಚೇರಿ ಇದೆ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿ ಕೊನೆಯದಾಗಿ ಇಲ್ಲ ಅಂದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು, ಅದನ್ನು ಮರೆಯಬೇಡಿ.

ನಾಲ್ವರ ಕಥೆ ಬೇಗ ಮುಗಿಯುತ್ತದೆ. ದಾಳಿ ಆದ ಮೇಲೆ ಕೊಂಡ ಪಾಲಿಸಿಗೆ ಆ ದಾಳಿ ಗೊತ್ತಿದ್ದ ಸಂಗತಿ. ಮನೆಗೆ ಬೆಂಕಿ ಬಿದ್ದ ಮೇಲೆ ಇನ್ಶೂರೆನ್ಸ್ ಮಾಡಿಸಿದಂತೆ. ಅವರಿಗೆ ಕ್ಲೇಮು ಸಿಗುವುದಿಲ್ಲ, ಸಿಗಲೂಬಾರದು.

ಆದರೆ ಟಿಕೆಟ್ ಹಣ ಅವರಿಗೆ ಪೂರ್ತಿ ಬಂತಲ್ಲ? ನಿಮ್ಮ ಹೊಟ್ಟೆ ಉರಿದದ್ದು ಅದಕ್ಕೇ ಜಾಸ್ತಿ ಅಂತ ಕಾಣುತ್ತದೆ. ದಿನಾಂಕ ನೋಡಿ. ದಾಳಿಯ ಮಾರನೇ ದಿನ ದೊಡ್ಡ ವಿಮಾನ ಕಂಪನಿಗಳು ಶ್ರೀನಗರದ ಟಿಕೆಟ್ ರದ್ದತಿ ಶುಲ್ಕ ಬಿಟ್ಟುಕೊಟ್ಟವು. ಆದರೆ ಅದು ಮೊದಲಿಗೆ ಏಪ್ರಿಲ್ 30ರವರೆಗಿನ ಪ್ರಯಾಣಕ್ಕೆ. ನಿಮ್ಮದು ಮೇ 8ರದ್ದು. ನೀವು ಕೈಯಾರೆ ಕ್ಯಾನ್ಸಲ್ ಮಾಡಿದಿರಿ, ಅವರು ನಿಯಮದಂತೆ ಕಡಿತ ಮಾಡಿದರು. ಮೇ 7ರ ಬೆಳಗಿನ ಜಾವ ಆಪರೇಷನ್ ಸಿಂಧೂರ ಆಯಿತು. ಶ್ರೀನಗರ ಸೇರಿ ಉತ್ತರದ ಹಲವು ವಿಮಾನ ನಿಲ್ದಾಣಗಳು ಮುಚ್ಚಿದವು. ಆಗ ಹಾರಾಟ ರದ್ದು ಮಾಡಿದ್ದು ವಿಮಾನ ಕಂಪನಿ. ಅದು ರದ್ದು ಮಾಡಿದರೆ ಹಣ ಪೂರ್ತಿ ಕೊಡಬೇಕು. ನಾಲ್ವರಿಗೆ ಸಿಕ್ಕಿದ್ದು ಇನ್ಶೂರೆನ್ಸ್‌ನಿಂದ ಅಲ್ಲ, ಸುಮ್ಮನೆ ಕೂತಿದ್ದರಿಂದ. ಎರಡೂ ಕಡೆಯಲ್ಲಿ ಯಾರು ಮೊದಲು “ಬೇಡ” ಅಂದರೋ ಅವರ ಕಿಸೆಯಿಂದ ಹೋಯಿತು. ಹೊರಡಲು ಇನ್ನೂ ಎರಡು ವಾರ ಇರುವಾಗ ಗಾಬರಿಯಲ್ಲಿ ಬಟನ್ ಒತ್ತುವ ಮೊದಲು ಒಂದೆರಡು ದಿನ ಕಾಯಬಹುದು. ತಾರೀಖು ಬದಲಿಸಲು ಸಾಧ್ಯವಾ ಅಂತ ಕೇಳಬಹುದು.

ಇನ್ನೊಂದು ಸೂಕ್ಷ್ಮ ಇಲ್ಲಿದೆ. ಏಪ್ರಿಲ್ 22ರದ್ದು ಭಯೋತ್ಪಾದನೆ. ಮೇ 7ರ ನಂತರದ್ದನ್ನು ಪಾಲಿಸಿ “ಯುದ್ಧ, ಯುದ್ಧದಂಥ ಕಾರ್ಯಾಚರಣೆ, ಘೋಷಣೆ ಆಗಿರಲಿ ಬಿಡಲಿ” ಅನ್ನುವ ಸಾಲಿಗೆ ಸೇರಿಸಬಹುದು. ಆ ಸಾಲು ಹೊರಗಿಡುವ ಪಟ್ಟಿಯಲ್ಲೇ ಇರುತ್ತದೆ. ಎರಡು ವಾರದ ಅಂತರದಲ್ಲಿ ಅದೇ ಕಣಿವೆ, ಅದೇ ಕಾರಣ, ಆದರೆ ಪಾಲಿಸಿಯ ಮಟ್ಟಿಗೆ ಒಂದು ಒಳಗೆ, ಇನ್ನೊಂದು ಹೊರಗೆ. ಅದೇ ಪಟ್ಟಿಯಲ್ಲಿ ಅಣು, ಜೈವಿಕ, ರಾಸಾಯನಿಕ ಅಸ್ತ್ರದ ಹಾನಿಯೂ ಇದೆ. ಕೈಗಾ ಅಣುಸ್ಥಾವರವನ್ನು ಪಕ್ಕದಲ್ಲೇ ಇಟ್ಟುಕೊಂಡ ನಮ್ಮ ಜಿಲ್ಲೆಯವರಿಗೆ ಆ ಸಾಲು ಥಟ್ಟನೆ ಕಣ್ಣಿಗೆ ಬೀಳುತ್ತದೆ.

ಕಂಪನಿಗಳು ಇಷ್ಟು ಬಿಗಿ ಯಾಕೆ ಅಂತ ಕೇಳಬಹುದು. ವರ್ಷಕ್ಕೆ ಎಷ್ಟು ಬೈಕು ಬೀಳುತ್ತವೆ, ಎಷ್ಟು ಮನೆಗೆ ಬೆಂಕಿ ಹತ್ತುತ್ತದೆ ಅನ್ನುವುದಕ್ಕೆ ಅವರ ಹತ್ತಿರ ಲೆಕ್ಕ ಇದೆ. ಬಾಂಬಿಗೆ ಆ ಲೆಕ್ಕ ಕೂಡುವುದಿಲ್ಲ. 2001ರ ಸೆಪ್ಟೆಂಬರ್ 11ರ ನಂತರ ಜಗತ್ತಿನ ದೊಡ್ಡ ಮರುವಿಮೆ ಕಂಪನಿಗಳು, ಅಂದರೆ ವಿಮಾ ಕಂಪನಿಗಳಿಗೇ ವಿಮೆ ಕೊಡುವವರು, ಕೈ ಎತ್ತಿದವು. ನಮ್ಮಲ್ಲಿ 2002ರ ಏಪ್ರಿಲ್‌ನಲ್ಲಿ ವಿಮಾ ಕಂಪನಿಗಳೆಲ್ಲ ಸೇರಿ ಭಯೋತ್ಪಾದನೆಗೆಂದೇ ಒಂದು ಸಾಮೂಹಿಕ ನಿಧಿ ಮಾಡಿಕೊಂಡವು, ನೋಡಿಕೊಳ್ಳುವುದು ಸರ್ಕಾರಿ ಮರುವಿಮೆ ಕಂಪನಿ ಜಿಐಸಿ ರೀ. ಆದರೆ ಅದು ಕಟ್ಟಡ, ಕಾರ್ಖಾನೆ, ಹೋಟೆಲಿನಂಥ ಆಸ್ತಿಗೆ. ಗೋಕರ್ಣದಲ್ಲಿ ಹೋಮ್‌ಸ್ಟೇ ಇಟ್ಟವರು ಬೇಕಾದರೆ ತಮ್ಮ ಬೆಂಕಿ ಪಾಲಿಸಿಯಲ್ಲಿ ಇದನ್ನು ಸೇರಿಸಿದ್ದಾರಾ ಅಂತ ನೋಡಿಕೊಳ್ಳಲಿ.

ಹಾಗೆಯೇ ಯಾವುದು ಭಯೋತ್ಪಾದನೆ ಅನ್ನುವುದಕ್ಕೂ ಪಾಲಿಸಿಯಲ್ಲಿ ವ್ಯಾಖ್ಯೆ ಇರುತ್ತದೆ. ರಾಜಕೀಯ, ಧಾರ್ಮಿಕ ಅಥವಾ ಅಂಥದ್ದೇ ಉದ್ದೇಶ ಇರಬೇಕು, ಸರ್ಕಾರವನ್ನು ಮಣಿಸುವ ಇಲ್ಲವೇ ಜನರನ್ನು ಹೆದರಿಸುವ ಇರಾದೆ ಇರಬೇಕು. ಸ್ವಂತ ದ್ವೇಷಕ್ಕೆ ಸಿಡಿಸಿದರೆ ಅದು ಬೇರೆ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗ ಆ ಮಧ್ಯಾಹ್ನ ಕಾರಣ ಯಾರಿಗೂ ಗೊತ್ತಿರಲಿಲ್ಲ. ತನಿಖೆ, ಭಯೋತ್ಪಾದನೆ ಪ್ರಕರಣ ನೋಡುವ ಕೇಂದ್ರದ ಎನ್‌ಐಎಗೆ ಹೋದದ್ದು ಆಮೇಲೆ. ಹಾಗಾಗಿ ಎಫ್‌ಐಆರ್ ಪ್ರತಿ, ಅದರಲ್ಲಿ ಯಾವ ಕಾಯ್ದೆಯ ಹೆಸರಿದೆ ಅನ್ನುವುದು ಕ್ಲೇಮಿಗೆ ಮುಖ್ಯವಾಗಬಹುದು.

ನಾನೂ ಒಮ್ಮೆ ಏಟು ತಿಂದವನೇ. 2019ರ ಜೂನ್ 2ಕ್ಕೆ ನಾವು ಮೂವರು ಕೊಲಂಬೊಗೆ ಹೊರಟಿದ್ದೆವು. ಏಪ್ರಿಲ್ 21ರ ಈಸ್ಟರ್ ಭಾನುವಾರ ಅಲ್ಲಿನ ಚರ್ಚು, ಹೋಟೆಲುಗಳಲ್ಲಿ ಬಾಂಬು ಸಿಡಿದವು. ಕರ್ನಾಟಕದವರೂ ಸತ್ತರು. ಅನಿವಾರ್ಯವಲ್ಲದಿದ್ದರೆ ಹೋಗಬೇಡಿ ಅಂತ ನಮ್ಮ ಸರ್ಕಾರವೇ ಹೇಳಿತು. ಮನೆಯವಳು ಬ್ಯಾಗು ಅಟ್ಟಕ್ಕೆ ಹಾಕಿದಳು. ಪಾಲಿಸಿ ಇತ್ತು, ಊರಿನ ಹೆಸರೂ ಸರಿಯಿತ್ತು, ನಾನು ನಿಶ್ಚಿಂತ. ಕಂಪನಿಯವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಸರ್, ದಿನ ಎಣಿಸಿದ್ದೀರಾ?” ಅಡಿಗೆಮನೆ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದೆ. 42. ಪಾಲಿಸಿಯಲ್ಲಿದ್ದದ್ದು 30. ಎಷ್ಟು ಸಲ ಎಣಿಸಿದರೂ 42ಕ್ಕಿಂತ ಕಡಿಮೆ ಆಗಲಿಲ್ಲ. ಅವತ್ತಿನಿಂದ ಪಾಲಿಸಿಯನ್ನು ಹಿಂದಿನಿಂದ, ಅಂದರೆ “ಇದಕ್ಕೆ ಇಲ್ಲ” ಅನ್ನುವ ಪುಟದಿಂದ ಓದುವ ಚಾಳಿ ಬಿದ್ದಿದೆ.

ಅಲ್ಲಿಂದ ಕಲಿತ ಇನ್ನೊಂದು ವಿಷಯ. ಸರ್ಕಾರ ಹೋಗಬೇಡಿ ಅಂದ ಮೇಲೂ ಹೋದರೆ ಕೆಲವು ಪಾಲಿಸಿಗಳಲ್ಲಿ ಆಸ್ಪತ್ರೆ ಖರ್ಚಿನ ಭಾಗವೂ ಕೈಬಿಡುತ್ತದೆ. ವಿದೇಶಕ್ಕೆ ಹೊರಟವರು ಇದನ್ನು ನೋಡಲೇಬೇಕು. ಯುರೋಪಿನ ಷೆಂಗೆನ್ ವೀಸಾಕ್ಕೆ 30,000 ಯುರೋದ ಪಾಲಿಸಿ ಕಡ್ಡಾಯ. ಆದರೆ ಅಲ್ಲಿ ಕೇಳುವುದು ವೈದ್ಯಕೀಯ ಖರ್ಚು ಮತ್ತು ಊರಿಗೆ ವಾಪಸ್ ತರುವ ಖರ್ಚು. ಟಿಕೆಟ್ ಹಣದ ಮಾತು ಅಲ್ಲಿ ಇಲ್ಲ. ವೀಸಾ ಸಿಕ್ಕಿತು ಅಂದರೆ ಎಲ್ಲ ರಕ್ಷಣೆ ಸಿಕ್ಕಿತು ಅಂತಲ್ಲ.

ಇಷ್ಟು ದೂರ ಯಾಕೆ, ನಮ್ಮ ರೈಲಿನಲ್ಲೇ ಒಂದು ಒಳ್ಳೆಯ ವ್ಯವಸ್ಥೆ ಇದೆ, ಯಾರೂ ಗಮನಿಸುವುದಿಲ್ಲ. ಪಂಚಗಂಗಾದಲ್ಲಿ ಬೆಂಗಳೂರಿಗೆ ಹೋಗಲು ಐಆರ್‌ಸಿಟಿಸಿಯಲ್ಲಿ ಟಿಕೆಟ್ ಮಾಡುವಾಗ ಇನ್ಶೂರೆನ್ಸ್ ಬೇಕಾ ಅಂತ ಕೇಳುತ್ತದೆ. ತಲೆಗೆ 45 ಪೈಸೆ. ಸತ್ತರೆ 10 ಲಕ್ಷ, ಆಸ್ಪತ್ರೆಗೆ 2 ಲಕ್ಷದವರೆಗೆ. ರೈಲಿನಲ್ಲಿ ಉಗ್ರರ ದಾಳಿಯಾದರೂ ಅದರಲ್ಲಿ ಸೇರಿದೆ. ಟಿಕೆಟ್ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ಇಲ್ಲ. ಟಿಕ್ ಮಾಡುವವರು ಬಹಳ, ಆಮೇಲೆ ಫೋನಿಗೆ ಬರುವ ಲಿಂಕ್ ತೆರೆದು ನಾಮಿನಿ ಹೆಸರು ತುಂಬುವವರು ಕಡಿಮೆ. ನನ್ನ ತಮ್ಮನ ಫೋನಿನಲ್ಲಿ ಅಂಥ ಹನ್ನೊಂದು ಮೆಸೇಜು ತೆರೆಯದೆ ಕೂತಿದ್ದವು. ಇದಲ್ಲದೆ, ಇನ್ಶೂರೆನ್ಸ್ ಇರಲಿ ಬಿಡಲಿ, ಸರಿಯಾದ ಟಿಕೆಟ್ ಇದ್ದವರು ರೈಲಿನಲ್ಲಿ ಭಯೋತ್ಪಾದಕ ದಾಳಿಗೆ ಬಲಿಯಾದರೆ ರೈಲ್ವೆ ಕಾಯ್ದೆಯ ಪ್ರಕಾರ 8 ಲಕ್ಷ ಪರಿಹಾರ ಇದೆ. ಅದಕ್ಕೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು.

ಬ್ಯಾಂಕ್ ಪಾಸ್‌ಬುಕ್ ಕೂಡ ತೆಗೆದು ನೋಡಿ. ವರ್ಷಕ್ಕೆ 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, 70 ವರ್ಷದವರೆಗೆ 2 ಲಕ್ಷದ ಅಪಘಾತ ವಿಮೆ. ಕೊಲೆಯಾದ ಸಾವೂ ಅದರಲ್ಲಿ ಸೇರುತ್ತದೆ. ಪಹಲ್ಗಾಮ್ ಆದ ಎರಡೇ ದಿನಕ್ಕೆ ಎಲ್‌ಐಸಿಯವರು, ಮರಣ ಪ್ರಮಾಣಪತ್ರಕ್ಕೆ ಕಾಯಿಸುವುದಿಲ್ಲ, ಸರ್ಕಾರಿ ದಾಖಲೆಯಲ್ಲಿ ಹೆಸರಿದ್ದರೆ ಸಾಕು ಅಂತ ಪ್ರಕಟಿಸಿದರು. ಜೀವವಿಮೆಯಲ್ಲಿ ಸಾವು ಹೇಗೆ ಬಂತು ಅನ್ನುವ ತಕರಾರು ಕಡಿಮೆ. ಪ್ರವಾಸದ ಪಾಲಿಸಿಗಿಂತ ಮನೆಯವರಿಗೆ ದೊಡ್ಡ ಆಸರೆ ಅದೇ ಅಂತ ನನ್ನ ಅಭಿಪ್ರಾಯ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಮಾಡಿಸಿ. ಟಿಕೆಟ್ ಕೊಂಡ ದಿನವೇ ಮಾಡಿಸಿ, ನಾಳೆ ಅನ್ನಬೇಡಿ. ಉಳಿಯುವ ಊರುಗಳ ಹೆಸರನ್ನೆಲ್ಲ ಅರ್ಜಿಯಲ್ಲಿ ಬರೆಸಿ, ವಿಮಾನ ಇಳಿಯುವ ಊರು ಒಂದೇ ಸಾಲದು. ಏಜೆಂಟನನ್ನು “ಟೆರರಿಸಂ ಕವರ್ ಆಗ್ತದಾ?” ಅಂತ ಕೇಳಬೇಡಿ. ಅದಕ್ಕೆ ಅವನು ಮತ್ತೆ ಹೌದು ಅಂತಲೇ ಹೇಳುತ್ತಾನೆ. “ನಾವು ಹೊರಡುವ ಮೊದಲೇ ಅಲ್ಲಿ ದಾಳಿಯಾದರೆ, ನಾವೇ ರದ್ದು ಮಾಡಿದರೆ, ಎಷ್ಟು ದಿನದೊಳಗಿನದ್ದಕ್ಕೆ, ಯಾವ ಊರಿನದ್ದಕ್ಕೆ, ಎಷ್ಟು ರೂಪಾಯಿ?” ಅಂತ ಕೇಳಿ. ಉತ್ತರ ವಾಟ್ಸಾಪಿನಲ್ಲಾದರೂ ಬರಹದಲ್ಲಿರಲಿ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವರು ನೀವು, ನಾನು ಹೇಳಿಕೊಡಬೇಕಾ!

ಜೆರಾಕ್ಸ್ ಹಾಳೆಗಳನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. ನೀವು ಕಳಿಸಿದ್ದು 17 ಮತ್ತು 18ನೇ ಪುಟ ಮಾತ್ರ. ನನಗೆ ಬೇಕಾದದ್ದು ಮೊದಲ ಪುಟ, ನಿಮ್ಮ ಹೆಸರು, ಮೊತ್ತ, ಊರು ಬರೆದ ಕೋಷ್ಟಕ ಇರುವುದು. ಅಲ್ಲಿ ಗಮ್ಯಸ್ಥಾನ ಅನ್ನುವ ಕಡೆ “ಶ್ರೀನಗರ” ಅಂತ ಇದೆಯೋ, “ಜಮ್ಮು ಮತ್ತು ಕಾಶ್ಮೀರ” ಅಂತ ಇದೆಯೋ ನೋಡಿ. ಎರಡನೆಯದಾಗಿದ್ದರೆ ದೂರಿನ ಪತ್ರವನ್ನು ಇವತ್ತೇ ಬರೆಯಲು ಕೂರಿ, ಕರಡು ನಾನು ತಿದ್ದಿಕೊಡುತ್ತೇನೆ.