ಗಿಟಾರ್ ಪ್ರಶ್ನೋತ್ತರ: ಮನೆಯಲ್ಲಿ ದಪ್ಪ, ತಂಡದಲ್ಲಿ ನಾಪತ್ತೆ

ಪ್ರಶ್ನೆ: ಮನೆಯಲ್ಲಿ ನುಡಿಸುವಾಗ ಡಿಸ್ಟಾರ್ಷನ್ (ಒಡೆದಂತೆ ಕೇಳುವ) ಸೌಂಡ್ ಭರ್ಜರಿಯಾಗಿ ಬರುತ್ತದೆ. ತಂಡದ ಜೊತೆ ಸೇರಿದರೆ ನನ್ನ ಗಿಟಾರ್ ಕೇಳುವುದೇ ಇಲ್ಲ, ವಾಲ್ಯೂಮ್ ಏರಿಸಿದರೂ ಅಷ್ಟೇ. ಬಾಸ್ ಕಂಪನಿಯ ಜಿಇ-7 ಈಕ್ವಲೈಸರ್ ಪೆಡಲ್ (ತಗ್ಗು, ನಡು, ಮೇಲಿನ ಸ್ವರಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವುದು) ಇದೆ, ಸ್ಲೈಡರ್‌ಗಳನ್ನು ‘ವಿ’ ಆಕಾರದಲ್ಲಿ, ಅಂದರೆ ಎರಡೂ ತುದಿಯವು ಮೇಲೆ, ನಡುವಿನವು ಕೆಳಗೆ, ಇಟ್ಟಿದ್ದೇನೆ.
– ಓದುಗರು, ಧಾರವಾಡ

ಉತ್ತರ: ಆ ‘ವಿ’ ಆಕಾರವೇ ತೊಂದರೆಯ ಮೂಲ. ಸಣ್ಣ ವಾಲ್ಯೂಮಿನಲ್ಲಿ ನಮ್ಮ ಕಿವಿಗೆ ತಗ್ಗು ಮತ್ತು ಹೆಚ್ಚಿನ ಸ್ವರಭಾಗ ಕಡಿಮೆ ಕೇಳುವುದರಿಂದ ಅವೆರಡನ್ನೂ ಏರಿಸಿದರೆ ಒಬ್ಬರೇ ನುಡಿಸುವಾಗ ಸೊಗಸು. ತಂಡದಲ್ಲಾದರೆ ತಗ್ಗನ್ನು ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ತುಂಬಿರುತ್ತವೆ, ಮೇಲುಭಾಗವನ್ನು ಸಿಂಬಲ್‌ಗಳು. ನಡುವಿನ ಜಾಗ ಗಿಟಾರಿನದು. ಅದನ್ನೇ ನೀವು ಕತ್ತರಿಸಿಬಿಟ್ಟಿದ್ದೀರಿ.

ಎಲ್ಲ ಸ್ಲೈಡರ್‌ಗಳನ್ನೂ ನಡುವಿಗೆ ತನ್ನಿ. ಪೆಡಲನ್ನು ಡಿಸ್ಟಾರ್ಷನ್ನಿನ ನಂತರ ಜೋಡಿಸಿ, ತಂಡ ನುಡಿಸುತ್ತಿರುವಾಗಲೇ ಹೊಂದಿಸಿ. 100 ಹರ್ಟ್ಜ್ ಅನ್ನು 5 ಡೆಸಿಬಲ್‌ನಷ್ಟು ಇಳಿಸಿ. ಗಿಟಾರಿನ ದಪ್ಪ ಇ ತಂತಿ ಸುಮಾರು 82 ಹರ್ಟ್ಜ್, ಹಾಗಾಗಿ ಇಳಿಸಿದರೆ ಸೌಂಡ್ ಬಡವಾಗುತ್ತದೆ ಎಂಬ ಭಯ ಸಹಜ. ಆದರೆ ಬೇಸ್ ಗಿಟಾರ್ ಆ ಜಾಗ ತುಂಬುತ್ತದೆ. ಹಂಬಕರ್ (ಎರಡು ಸುರುಳಿಯ, ದಪ್ಪ ಸೌಂಡಿನ) ಪಿಕಪ್ ಇದ್ದು ಸೌಂಡ್ ಮಂದವಾಗಿದ್ದರೆ 200 ಅನ್ನೂ 3 ಇಳಿಸಿ. ಆಮೇಲೆ 800 ಹರ್ಟ್ಜ್ ಮತ್ತು 1.6 ಕಿಲೋಹರ್ಟ್ಜ್ ಅನ್ನು ತಲಾ 3 ಏರಿಸಿ. ಡಿಸ್ಟಾರ್ಷನ್ ಜೇನುನೊಣದಂತೆ ಗುಂಯ್‌ಗುಟ್ಟುತ್ತಿದ್ದರೆ 6.4 ಅನ್ನು 4 ಇಳಿಸಿ. ಇವು ಶುರುವಿಗೆ ಮಾತ್ರ, ಉಳಿದದ್ದು ನಿಮ್ಮ ಆಂಪ್ (ಆಂಪ್ಲಿಫೈಯರ್), ಸ್ಪೀಕರ್ ನೋಡಿಕೊಂಡು.

ಕಿವಿಗೆ ಚುಚ್ಚುವುದು ಯಾವುದೆಂದು ತಿಳಿಯದಿದ್ದರೆ ಒಂದೊಂದೇ ಸ್ಲೈಡರ್ ಪೂರ್ತಿ ಏರಿಸಿ ಕೇಳಿ, ವಾಪಸ್ ನಡುವಿಗೆ ತನ್ನಿ. ಯಾವುದರಲ್ಲಿ ಸೌಂಡ್ ಅತಿ ಕೆಟ್ಟದಾಯಿತೋ ಅದನ್ನು ನಡುವಿನಿಂದ 3–4 ಕೆಳಗಿಳಿಸಿ. ಏರಿಸುವುದಕ್ಕಿಂತ ಇಳಿಸುವುದರಿಂದಲೇ ಹೆಚ್ಚು ಲಾಭ. ಎಲ್ಲವನ್ನೂ ಏರಿಸಿದರೆ ವಾಲ್ಯೂಮ್ ಏರಿತಷ್ಟೇ, ಟೋನ್ ಬದಲಾಗದು. ಕೊನೆಗೆ ಪೆಡಲ್ ಆನ್-ಆಫ್ ಮಾಡಿ, ಎರಡರಲ್ಲೂ ವಾಲ್ಯೂಮ್ ಒಂದೇ ಬರುವಂತೆ ಲೆವೆಲ್ ಸ್ಲೈಡರ್ ಹೊಂದಿಸಿ. ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ.

ಪ್ರಶ್ನೆ: ಲೀಡ್ (ಸೋಲೋ) ನುಡಿಸುವಾಗ ಈಕ್ವಲೈಸರ್ ಆನ್ ಮಾಡಿ ಲೆವೆಲ್ ಏರಿಸಿದರೂ ಗಿಟಾರ್ ಜೋರಾಗುವುದಿಲ್ಲ, ಇನ್ನಷ್ಟು ಕರ್ಕಶವಾಗುತ್ತದೆ. ಏಕೆ?
– ಓದುಗರು, ಮಂಗಳೂರು

ಉತ್ತರ: ಪೆಡಲ್ ಡಿಸ್ಟಾರ್ಷನ್ನಿನ ಮುಂಚೆ ಇದೆ. ಆಗಲೇ ಒಡೆಯುತ್ತಿರುವ ಸಿಗ್ನಲ್‌ಗೆ ಇನ್ನಷ್ಟು ತಳ್ಳಿದರೆ ಗೇನ್ (ಒಡೆಯುವ ಪ್ರಮಾಣ) ಹೆಚ್ಚುತ್ತದೆ, ವಾಲ್ಯೂಮ್ ಹೆಚ್ಚುವುದಿಲ್ಲ. ಡಿಸ್ಟಾರ್ಷನ್ ಆಂಪಿನದೇ ಆದರೆ ಈಕ್ವಲೈಸರನ್ನು ಎಫೆಕ್ಟ್ಸ್ ಲೂಪಿಗೆ (ಆಂಪಿನ ಸೆಂಡ್, ರಿಟರ್ನ್ ಜಾಕ್‌ಗಳ ನಡುವೆ) ಹಾಕಿ: ಸೆಂಡ್‌ನಿಂದ ಪೆಡಲಿನ ಇನ್‌ಪುಟ್‌ಗೆ, ಔಟ್‌ಪುಟ್‌ನಿಂದ ರಿಟರ್ನ್‌ಗೆ. ಲೆವೆಲ್ 4ರಿಂದ 6 ಡೆಸಿಬಲ್ ಮೇಲೆ, ಜೊತೆಗೆ 800 ಸ್ವಲ್ಪ ಮೇಲೆ, ಸಾಕು. ಅಲ್ಲಿ ಪೆಡಲೇ ಒಡೆದಂತೆ ಕೇಳಿಸಿದರೆ ಲೂಪಿನ ಸಿಗ್ನಲ್ ಪೆಡಲಿಗೆ ಜೋರಾಗಿದೆ ಎಂದರ್ಥ. ಆಂಪಿನಲ್ಲಿ ಸೆಂಡ್ ಲೆವೆಲ್ ಸ್ವಿಚ್ ಇದ್ದರೆ ತಗ್ಗಿಸಿ. ಲೂಪ್ ಇಲ್ಲದ ಆಂಪಾದರೆ ಕ್ಲೀನ್ (ಒಡೆಯದ) ಚಾನೆಲ್ ಬಳಸಿ, ಈಕ್ವಲೈಸರನ್ನು ಡಿಸ್ಟಾರ್ಷನ್ ಪೆಡಲಿನ ನಂತರ ಇಡಿ.

ಹಾಗೆಂದು ಮುಂಚೆ ಇಡುವುದು ತಪ್ಪಲ್ಲ. ಪಾಮ್ ಮ್ಯೂಟ್ ಮಾಡಿದಾಗ (ಅಂಗೈಯ ಅಂಚಿನಿಂದ ತಂತಿ ಅದುಮಿ ನುಡಿಸಿದಾಗ) ಸೌಂಡ್ ಕಲಸಿಹೋಗುತ್ತಿದ್ದರೆ ಡಿಸ್ಟಾರ್ಷನ್ನಿನ ಮುಂಚೆಯೇ 100 ಇಳಿಸಿ 800 ಏರಿಸಬೇಕು. ಒಡೆದ ಮೇಲೆ ಕತ್ತರಿಸಿದರೆ ಆ ಬಿಗಿ ಬರುವುದಿಲ್ಲ.

ಪ್ರಶ್ನೆ: ಈಕ್ವಲೈಸರ್ ಪೆಡಲ್ ಆನ್ ಮಾಡಿದೊಡನೆ ಸ್ಸ್ಸ್ ಎಂಬ ಸದ್ದು. ಹಾಳಾಗಿದೆಯೇ?
– ಓದುಗರು, ಮೈಸೂರು

ಉತ್ತರ: ಬಹುಶಃ ಇಲ್ಲ. 3.2 ಮತ್ತು 6.4 ಏರಿಸಿದಷ್ಟೂ ಸದ್ದು ಏರುತ್ತದೆ. ಈ ಪೆಡಲಿನ ನಂತರ ಡಿಸ್ಟಾರ್ಷನ್ ಇದ್ದರೆ ಅದು ಇನ್ನೂ ದೊಡ್ಡದಾಗುತ್ತದೆ. ಅವೆರಡನ್ನೂ ನಡುವಿಗೆ ತಂದು ನೋಡಿ. ಗುಂ ಎಂಬ ಸದ್ದಾದರೆ ಒಂದೇ ಅಡಾಪ್ಟರಿನಿಂದ ಹಲವು ಪೆಡಲ್‌ಗಳಿಗೆ ಕರೆಂಟ್ ಹಂಚಿರಬಹುದು. ಈಕ್ವಲೈಸರನ್ನು 9 ವೋಲ್ಟ್ ಬ್ಯಾಟರಿಯಲ್ಲಿ ಓಡಿಸಿ ಪರೀಕ್ಷಿಸಿ. ಸದ್ದು ನಿಂತರೆ ಪ್ರತ್ಯೇಕ ಔಟ್‌ಪುಟ್‌ಗಳಿರುವ ಪವರ್ ಸಪ್ಲೈ ಬೇಕು. ಎಂಎಕ್ಸ್‌ಆರ್‌ನ ಹತ್ತು ಬ್ಯಾಂಡಿನ ಈಕ್ವಲೈಸರ್ ಪೆಡಲ್ 18 ವೋಲ್ಟಿನದು, ಅದರ ಅಡಾಪ್ಟರನ್ನು 9 ವೋಲ್ಟಿನ ಪೆಡಲಿಗೆ ಚುಚ್ಚಬೇಡಿ.